ಎರಡನೆಯ ಸ್ಪ್ಯಾನರ್

ವಿಮಾನ ರಿಪೇರಿ ಮಾಡಿ ಕಳಿಸಿದ ಮೇಲೆ ನೋಡಿದರೆ, ನನ್ನ ಸಲಕರಣೆ ಪೆಟ್ಟಿಗೆಯಲ್ಲಿ ಒಂದು ಖಾನೆ ಖಾಲಿ. ನಮ್ಮಲ್ಲಿ ಪ್ರತಿ ಸ್ಪ್ಯಾನರಿಗೂ ಅದರದೇ ಖಾನೆ. ಸ್ಪ್ಯಾನರಿನ ಮೇಲೆ ಅದನ್ನು ಬಳಸುವವನ ನಂಬರನ್ನೂ ಕೆತ್ತಿರುತ್ತಾರೆ. ಓಡಿಹೋಗಿ ಮುಖ್ಯ ಎಂಜಿನಿಯರ್ ನೊರೋನ್ಹಾ ಅವರಿಗೆ ಹೇಳಿದೆ.

"ಎಂಜಿನ್ ಒಳಗೇ ಬಿಟ್ಟಿದೀನಿ ಅನ್ಸತ್ತೆ ಸಾರ್. ತಪ್ಪು ನಂದೇ."

"ಅನ್ಸತ್ತಾ? ನೂರೆಂಬತ್ತು ಜನ ಇದಾರಯ್ಯ ಅದರಲ್ಲಿ! ನನ್ನ ಪೆಟ್ಟಿಗೇಲಿ ಒಂದು ದಿನ ಆದ್ರೂ ಖಾನೆ ಖಾಲಿ ಇದ್ದದ್ದು ನೋಡಿದೀಯಾ?"

ನೋಡಿರಲಿಲ್ಲ. ತಲೆ ತಗ್ಗಿಸಿದೆ.

ವಿಮಾನವನ್ನು ವಾಪಸ್ ಕರೆಸಿದರು. ಮಕ್ಕಳನ್ನು ಎತ್ತಿಕೊಂಡು ಇಳಿಯುತ್ತಿದ್ದ ಪ್ರಯಾಣಿಕರ ಮುಖ ನೋಡಲಾರದೆ ನಾನು ಗೋಡೆಯ ಕಡೆ ತಿರುಗಿ ನಿಂತೆ. ಎಂಜಿನ್ ಬಿಚ್ಚಿ ಹುಡುಕಿದ ತಪಾಸಣೆಯ ಮೇಡಂ ಎರಡು ಗಂಟೆ ಬಿಟ್ಟು ಬಂದರು.

"ಸಿಕ್ತು. ಎರಡು ಸ್ಪ್ಯಾನರ್."

"ಎರಡಾ? ನಾನು ಬಿಟ್ಟಿದ್ದು ಒಂದೇ ಮೇಡಂ."

"ಒಂದು ನಿಂದೇ. ಇನ್ನೊಂದು ಹಳೇದು, ವರ್ಷಗಳ ಜಿಡ್ಡು ಮೆತ್ಕೊಂಡಿದೆ. ಒರೆಸಿ ನೋಡಿದೆ. ನಿಮ್ಮ ನಂಬರ್ ಇದೆ, ನೊರೋನ್ಹಾ ಸಾರ್."

ಮೇಡಂ ಹೋಗಿ ನೊರೋನ್ಹಾ ಅವರ ಪೆಟ್ಟಿಗೆ ತೆರೆದರು. ಖಾನೆಗಳೆಲ್ಲ ತುಂಬಿದ್ದವು, ಒಂದು ಸ್ಪ್ಯಾನರಿನ ಮೇಲೆ ಮಾತ್ರ ಯಾವ ನಂಬರೂ ಇರಲಿಲ್ಲ.