ಕೊರಳಪಟ್ಟಿ

"ಸಾರ್, ನಮ್ಮನ್ನ ಪರೀಕ್ಷೆ ಮಾಡೋಕೆ ನೀವು ಬೀದಿಗೆ ಬಿಟ್ಟ ನಕಲಿ ಕಳ್ಳ ಸಿಕ್ಕ!" ಬಡಾವಣೆಯ ಕಾವಲು ತರಬೇತಿಗೆ ಸೇರಿದ್ದ ದರ್ಜಿ, ಕಾಲಿಗೆ ಸಿಮೆಂಟು ಮೆತ್ತಿದ್ದ ಒಬ್ಬನನ್ನು ಕೊರಳಪಟ್ಟಿ ಹಿಡಿದು ಸಭಾಂಗಣದೊಳಕ್ಕೆ ದರದರನೆ ಎಳೆತಂದ. ಎಲ್ಲರೂ ಚಪ್ಪಾಳೆ ತಟ್ಟಿದರು.

ಇನ್ಸ್‌ಪೆಕ್ಟರ್ ಮಾತ್ರ ತಟ್ಟಲಿಲ್ಲ. "ನಮ್ಮವನು ಆಗಲೇ ಬಂದು ಇಲ್ಲೇ ಕೂತಿದಾನಲ್ರೀ."

ಮುಂದಿನ ಸಾಲಿನಿಂದ ಇಸ್ತ್ರಿ ಅಂಗಿಯವನೊಬ್ಬ ಎದ್ದು, ದರ್ಜಿಯ ಕತ್ತರಿಯನ್ನೇ ಮೇಜಿನ ಮೇಲಿಟ್ಟ. "ನಿಮ್ ಅಂಗಡೀಲಿ ಗಿರಾಕಿ ಅಂತ ಕುರ್ಚಿ ಹಾಕಿ, ನೀರು ತರೋಕೆ ಒಳಗೆ ಹೋದ್ರಲ್ಲ, ಆಗ ಎತ್ಕೊಂಡೆ."

ಮುಷ್ಟಿಯೊಳಗಿನ ಪಟ್ಟಿಯ ಹೊಲಿಗೆ ತನ್ನದೇ ಎಂದು ದರ್ಜಿಯ ಬೆರಳಿಗೆ ಈಗ ಗೊತ್ತಾಯಿತು. ಅಂಗಿ ತೊಟ್ಟವನ ಮುಖ ಮಾತ್ರ ನೆನಪಿರಲಿಲ್ಲ.

"ಮೆಲ್ಲಗೆ ಬಿಡಿ ಅಣ್ಣ," ಎಂದ ಗಾರೆ ಕೆಲಸದವನು. "ಹರಿದ್ರೆ ಮತ್ತೆ ನಿಮ್ ಹತ್ರಾನೇ ತರ್ಬೇಕು."