ಒಂದು ಸಲಕ್ಕೆ ಒಂದೇ ಬಾಯಿ

ಬೆಳಿಗ್ಗೆ ಬಂದವನೇ ಭಾಮೈದ ಒಳಗಿನಿಂದ ಚಿಲಕ ಹಾಕಿಕೊಂಡ. ಆ ಸದ್ದಿಗೆ ಹೊರಗಿನ ಕೋಣೆಯಲ್ಲಿದ್ದ ಭಾವನ ಕಿವಿ ನಿಮಿರಿತು. ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಬಾಗಿಲು ಹಾಕಿಕೊಂಡು ಮಾಡುವಂಥ ಗುಟ್ಟಿನ ಕೆಲಸ ಏನಿರುತ್ತದೆ? ಇಬ್ಬರೂ ಸೇರಿ ಕಟ್ಟಿದ ಲ್ಯಾಬು ಅದು. ಕ್ಲಿನಿಕ್ಕುಗಳ ಫೋನು ಹಿಡಿಯುವುದು ಭಾವನ ಪಾಲು, ಹಲ್ಲು ಜೋಡಿಸುವುದು ಹೆಂಡತಿಯ ತಮ್ಮನ ಪಾಲು. ಕೈ ಅವನದು, ಬಾಯಿ ನನ್ನದು ಎಂದು ಭಾವ ಎಲ್ಲರಿಗೂ ನಗುತ್ತ ಹೇಳುವುದಿತ್ತು. ಆ ಕೈ ಎದ್ದುಹೋದರೆ ಬಾಯಿಗೆ ಕೆಲಸವಿಲ್ಲ ಎಂಬುದೂ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಭಾಮೈದ ಮೊದಲು ಹೀಗಿರಲಿಲ್ಲ. ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಒಂದು ಕಡೆ ಮೇಣ ಕಾಯಿಸುತ್ತ, ಇನ್ನೊಂದು ಕಡೆ ಪ್ಲಾಸ್ಟರ್ ಕಲಸುತ್ತ, ಊಟವನ್ನೂ ನಿಂತೇ ಮುಗಿಸುತ್ತಿದ್ದ. ಹಾಗೆ ಮಾಡುತ್ತಲೇ ಒಂದು ದಿನ ಯಾರೋ ಅಜ್ಜಿಯ ಮೇಲಿನ ಸೆಟ್ಟಿಗೆ ಯಾರೋ ನಿವೃತ್ತ ಮೇಷ್ಟರ ಕೆಳಗಿನ ಸೆಟ್ಟು ಜೋಡಿಸಿ ಕಳಿಸಿಬಿಟ್ಟ. ಅಜ್ಜಿ ಖುದ್ದಾಗಿ ಲ್ಯಾಬಿಗೇ ಬಂದು, ಮುಚ್ಚಲಾಗದ ಬಾಯಿಯನ್ನು ಬೆರಳಲ್ಲಿ ತೋರಿಸುತ್ತ ನಿಂತುಕೊಂಡಳು. ಭಾವ ಇದನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿ ನಕ್ಕ. ಭಾಮೈದ ನಗಲಿಲ್ಲ. ಮುಂದಿನ ವಾರದಿಂದಲೇ ಶುರುವಾಯಿತು ಈ ಹೊಸ ವೇಷ: ಮಧ್ಯಾಹ್ನದವರೆಗೆ ಫೋನು ಆಫ್, ಬಾಗಿಲು ಬಂದ್, ಒಂದು ಸಲಕ್ಕೆ ಒಂದೇ ಬಾಯಿಯ ಕೆಲಸ. ಊಟಕ್ಕೆ ಕೂತರೆ ಕೂತೇ ಬಿಟ್ಟ, ಅದೂ ನಿಧಾನಕ್ಕೆ ಅಗಿದು ಅಗಿದು.

ಒಬ್ಬ ಅಜ್ಜಿಯ ದೆಸೆಯಿಂದ ಮನುಷ್ಯ ಇಷ್ಟು ಬದಲಾಗುತ್ತಾನೆಂದು ಭಾವ ನಂಬಲಿಲ್ಲ. ಒಂದು ಫೋನು ಆಫ್ ಮಾಡುವವನ ಹತ್ತಿರ ಇನ್ನೊಂದು ಫೋನು ಇದ್ದೇ ಇರುತ್ತದೆ ಎಂಬುದು ಅವನ ಲೆಕ್ಕಾಚಾರ. ಬಸ್ ನಿಲ್ದಾಣದ ಹತ್ತಿರ ಹೊಸ ಲ್ಯಾಬು ತೆರೆದಿರುವುದಕ್ಕೂ ಇದಕ್ಕೂ ಏನೋ ನಂಟಿದೆ. ಒಮ್ಮೆ ಟೀ ಕೊಡುವ ನೆಪದಲ್ಲಿ ಹೋಗಿ ಕಿಟಕಿಯ ಸಂದಿಯಿಂದ ಇಣುಕಿದ. ಭಾಮೈದ ದವಡೆಯ ಅಚ್ಚೊಂದನ್ನು ಅಂಗೈಯಲ್ಲಿಟ್ಟುಕೊಂಡು ಸುಮ್ಮನೆ ನೋಡುತ್ತ ಕೂತಿದ್ದ. ಟೀ ಆರಿಹೋಯಿತು, ಅವನು ಕದಲಲಿಲ್ಲ. ಬಿಟ್ಟುಹೋಗುವವರು ಮಾತ್ರ ಹೀಗೆ ನೋಡುತ್ತಾರೆ ಅಂದುಕೊಂಡ ಭಾವ.

ಹೆಂಡತಿಯನ್ನು ಕೇಳಿದರೆ, "ದಿನಾ ಪಕ್ಕದ ಕೋಣೇಲೇ ಇರ್ತಾನಲ್ಲ, ಅವನನ್ನೇ ಕೇಳಿ" ಎಂದಳು. ಅದೊಂದನ್ನು ಬಿಟ್ಟು ಭಾವ ಉಳಿದದ್ದೆಲ್ಲ ಮಾಡಿದ. ಒಂದೊಂದೇ ಕ್ಲಿನಿಕ್ಕಿಗೆ ಫೋನು ಮಾಡಿ, "ನಮ್ಮ ಹುಡುಗ ಬಿಟ್ಟುಹೋಗೋ ಹಾಗೆ ಕಾಣ್ತಿದೆ, ನಿಮ್ಮ ಹತ್ರ ಏನಾದ್ರೂ ಬಾಯಿಬಿಟ್ನಾ?" ಎಂದು ಗಾಳ ಹಾಕಿದ. ಯಾರಿಗೂ ಏನೂ ಗೊತ್ತಿರಲಿಲ್ಲ. ಎಲ್ಲರೂ ಸೇರಿ ನಾಟಕವಾಡುತ್ತಿದ್ದಾರೆ ಎನ್ನಿಸಿ ಅನುಮಾನ ಇನ್ನಷ್ಟು ಗಟ್ಟಿಯಾಯಿತು.

ಇವತ್ತು ಮಧ್ಯಾಹ್ನದವರೆಗೆ ಹೇಗೋ ತಡೆದುಕೊಂಡ. ಆಮೇಲೆ ಆಗಲಿಲ್ಲ. ಹೋಗಿ ಬಾಗಿಲು ಬಡಿದ.

"ಯಾರು ಕರೀತಿದ್ದಾರೆ ನಿನ್ನ? ಸುತ್ತಿಬಳಸಿ ಬೇಡ, ನೇರವಾಗಿ ಹೇಳ್ಬಿಡು."

ಬಾಗಿಲು ತೆಗೆದ ಭಾಮೈದ ಕೈಯಲ್ಲಿದ್ದ ಮೇಣ ಕೆತ್ತುವ ಚಾಕುವನ್ನು ಒರೆಸಿ ಮೇಜಿನ ಮೇಲಿಟ್ಟ. "ಮೊನ್ನೆವರೆಗೂ ಯಾರೂ ಕರೆದಿರ್ಲಿಲ್ಲ ಭಾವ. ನಿನ್ನೆ ಕರೆದ್ರು. ದೊಡ್ಡ ಕ್ಲಿನಿಕ್ಕಿನ ಡಾಕ್ಟರಮ್ಮ ಮನೆಗೇ ಬಂದಿದ್ರು. ಲ್ಯಾಬು ಬಿಡ್ತಿದ್ದೀಯಂತೆ, ನಮ್ಮಲ್ಲೇ ಒಂದು ಕೋಣೆ ಕೊಡ್ತೀನಿ, ಬಾಗಿಲು ಹಾಕ್ಕೊಂಡೇ ಕೆಲಸ ಮಾಡು ಅಂದ್ರು. ಬಿಡ್ತೀನಂತ ನಿಮಗೆ ಯಾರು ಹೇಳಿದ್ದು ಅಂತ ಕೇಳಿದೆ. ನಿಮ್ಮ ಭಾವನೇ ಅಂದ್ರು."

ಭಾವನ ಮುಖ ಇಳಿಯಿತು. "ಮತ್ತೆ ಈ ಚಿಲಕ, ಈ ಫೋನು ಆಫು, ಇದೆಲ್ಲ ಯಾಕೆ ಮಾರಾಯ? ನನಗೊಂದು ಮಾತು ಹೇಳಬಾರದಿತ್ತಾ?"

"ಹೇಳಿದ್ನಲ್ಲ. ಆ ಅಜ್ಜಿ ಬಂದುಹೋದ ಸಂಜೆನೇ. ಗಡಿಬಿಡಿ ಸಾಕಾಗಿದೆ ಭಾವ, ಕಣ್ಣು ಮುಚ್ಚಿದ್ರೂ ಫೋನು ಹೊಡ್ಕೊಂಡ ಹಾಗೇ ಇರುತ್ತೆ, ಇನ್ಮೇಲೆ ಮಧ್ಯಾಹ್ನದವರೆಗೆ ಒಂದೇ ಕೆಲಸ ಹಿಡೀತೀನಿ ಅಂದೆ. 'ಒಳ್ಳೇದಾಯ್ತು, ಹಾಗೇ ಮಾಡು' ಅಂದ್ರಿ."

ಭಾವ ತಲೆ ಕೆರೆದುಕೊಂಡ. ಹಾಗೆಂದದ್ದು ನೆನಪಾಯಿತು. ಆದರೆ ಅದನ್ನು ಭಾಮೈದನಿಗೆ ಹೇಳಿದ್ದೋ, ಆಗ ಫೋನಿನಲ್ಲಿದ್ದವರಿಗೆ ಹೇಳಿದ್ದೋ, ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಭಯವಾಯಿತು.

"ಡಾಕ್ಟರಮ್ಮನಿಗೆ ಏನಂದೆ?"

"ಅಕ್ಕನ ಮನೆಯವರ ಜೊತೆ ಕಟ್ಟಿದ ಲ್ಯಾಬು, ಬಿಡೋಕಾಗಲ್ಲ ಅಂದೆ. ಆದ್ರೆ ಅವರು ಹೋದಮೇಲೆ ಮನಸ್ಸಿಗೆ ಸಮಾಧಾನ ಇಲ್ಲ. ಕಂಡಕಂಡವರನ್ನೆಲ್ಲ ಕೇಳೋಕೆ ನಿಮಗೆ ಪುರುಸೊತ್ತಿತ್ತು. ಈ ಬಾಗಿಲು ತಟ್ಟಿ ನನ್ನ ಕೇಳೋಕೆ ಇರ್ಲಿಲ್ಲ. ಇವತ್ತು ಬೆಳಿಗ್ಗೆ ಅವರಿಗೆ ಬರ್ತೀನಿ ಅಂತ ಹೇಳ್ದೆ. ಕೈಲಿದ್ದ ಸೆಟ್ಟು ಮುಗಿಸಿ ಹೋಗೋಣಾಂತ ಬಂದೆ. ಮುಗೀತು."

ಭಾವನ ಜೇಬಿನಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ತೆಗೆದು, ಯಾರೆಂದೂ ನೋಡದೆ ಆಫ್ ಮಾಡಿದ. ಮೇಜಿನ ಮೇಲೆ ಬೋರಲು ಹಾಕಿದ. ಸ್ಟೂಲು ಎಳೆದುಕೊಂಡು ಭಾಮೈದನ ಎದುರು, ಮಂಡಿಗೆ ಮಂಡಿ ತಾಗುವ ಹಾಗೆ ಕೂತ. ಲ್ಯಾಬು ಶುರುವಾದಾಗಿನಿಂದ ಅವನು ಆ ಕೋಣೆಯಲ್ಲಿ ಕೂತದ್ದು ಅದೇ ಮೊದಲು.

"ಈಗ ಹೇಳಪ್ಪ," ಎಂದ. "ಪೂರ್ತಿ ಹೇಳು. ಕೇಳ್ತೀನಿ."

ಭಾಮೈದ ಬೆನ್ನ ಹಿಂದೆ ಕೈಹಾಕಿ ಏಪ್ರನ್ನಿನ ಗಂಟು ಬಿಚ್ಚುತ್ತಿದ್ದ.

"ಹೇಳಿ ಆಯ್ತಲ್ಲ ಭಾವ."