ಕಠಿಣ ಘಾಟಿ

ಕಾಲು ಮುರಿದುಕೊಂಡ ಪೋಲೆಂಡಿನ ಹುಡುಗಿಯನ್ನು ಹೊತ್ತ ಜೀಪು ತಿರುವು ದಾಟುವವರೆಗೂ ಕುಬಾತ್ ನೋಡುತ್ತ ನಿಂತಿದ್ದ. ಆಮೇಲೆ ಕುರಿಗಾಹಿಗಳ ಹಿರಿಯಜ್ಜಿ ಬುರುಲ್ ಆಪಾ ಅವರ ಡೇರೆಯೊಳಗೆ ಬಂದು, ಆ ಹುಡುಗಿ ಬಿಟ್ಟುಹೋದ ನಕ್ಷೆಯನ್ನು ಊಟದ ಬಟ್ಟೆಯ ಮೇಲೆ ಹರವಿದ. ರಾಷ್ಟ್ರೀಯ ಉದ್ಯಾನದ ಈ ಕಣಿವೆಗೆ ಕಾವಲುಗಾರನಾಗಿ ಬಂದು ಅವನಿಗೆ ಎರಡು ತಿಂಗಳಾಗಿತ್ತು. ಅಷ್ಟರಲ್ಲಿ ಚಾರಣಿಗರು ಬಿದ್ದದ್ದು ಇದು ಮೂರನೆಯ ಸಲ. ಮೂರೂ ಸಲ ಅಕ್-ತಾಶ್ ಘಾಟಿಯಲ್ಲೇ.

ಸರೋವರದ ಕಡೆಗೆ ದಾಟಲು ಇರುವುದು ಎರಡೇ ಘಾಟಿ. ಅಕ್-ತಾಶ್‌ನಲ್ಲಿ ಕಾಲಿಟ್ಟಲ್ಲೆಲ್ಲ ಕಲ್ಲು ಕುಸಿಯುತ್ತದೆ.

"ಅಲ್ಲಿಗ್ಯಾಕೆ ಹೋದೆ ಅಂತ ಆ ಹುಡುಗೀನ ಕೇಳ್ದೆ, ಆಪಾ. ಇನ್ನೊಂದರ ಹೆಸರು ತೋರಿಸಿದಳು." ಅವನು ಬೆರಳಿಟ್ಟ ಕಡೆ ಎರಡು ಭಾಷೆಗಳಲ್ಲಿ ಅಚ್ಚಾಗಿತ್ತು: ಕಠಿಣ ಘಾಟಿ, 3,610 ಮೀಟರ್.

ಆಪಾ ಕುದುರೆಹಾಲಿನ ಬಟ್ಟಲನ್ನು ಅವನತ್ತ ಸರಿಸಿದರು. "ಅದರಲ್ಲೇನು ಕಷ್ಟ? ನನ್ನ ಮಗ ಈಗ್ಲೂ ಅಲ್ಲೇ ಕುರಿ ಇಳಿಸ್ತಿದಾನೆ, ಹೊರಗೆ ಹೋಗಿ ನೋಡು."

"ನೋಡ್ದೆ. ನಿಮ್ಮ ಕುಂಟು ಕುರಿಯೂ ಇಳೀತಿದೆ. ಅದಕ್ಕೇ ಕೇಳ್ತಿರೋದು. ಈ ಹೆಸರು ಯಾರಿಟ್ಟಿದ್ದು?"

"ಹನ್ನೆರಡು ವರ್ಷದ ಹಿಂದೆ ನಿಮ್ಮ ಕಚೇರಿಯಿಂದ ಒಬ್ಬ ಕನ್ನಡಕದವ ಬಂದಿದ್ದ. ಗಂಡಸರೆಲ್ಲ ಕುರಿ ಹಿಂದೆ ಮೇಲಕ್ಕೆ ಹೋಗಿದ್ರು. ಮೂರು ಬಟ್ಟಲು ಕುಡಿದ, ಬೆಟ್ಟ, ಹಳ್ಳ ಎಲ್ಲದರ ಹೆಸರು ಬರ್ಕೊಂಡ. ನಾನೇ ಹೇಳ್ದೆ."

"ಕಠಿಣ ಅಂತ?"

"ಗಡುಸು ಅಂದೆ. ನಾನು ಹಂಗೇ ಅನ್ನೋದು."

"ಉಳಿದವರೆಲ್ಲ ಏನಂತಾರೆ?"

ಆಪಾ ತಲೆವಸ್ತ್ರದ ಅಂಚನ್ನು ಹಣೆಯ ಮೇಲೆ ಎಳೆದುಕೊಂಡರು. ಕುಬಾತ್ ಬಿಷ್ಕೆಕ್ ನಗರದಲ್ಲಿ ಬೆಳೆದವನು. ಆದರೂ, ಅವನ ತಾಯಿ ತನ್ನ ಮಾವನ ಹೆಸರೇ ಇದ್ದ ಅಂಗಡಿಯವನನ್ನು ಕೊನೆಯವರೆಗೂ "ಆ ಮೂಲೆಯವನು" ಎಂದೇ ಕರೆದಿದ್ದಳು. ಸೊಸೆಯಾದವಳು ಗಂಡನ ಮನೆಯ ಹಿರಿಯರ ಹೆಸರೆತ್ತುವಂತಿಲ್ಲ. ಅದೇ ಶಬ್ದ ಬೇರೆಲ್ಲಿ ಬಂದರೂ ಬದಲಿ ಮಾತು ಹುಡುಕಿಕೊಳ್ಳಬೇಕು.

"ನಿಮ್ಮ ಮಾವನ ಹೆಸರಾ, ಆಪಾ?"

"ಆ ದಾರಿ ಕಡಿದವರೇ ಅವರು. ಹದಿನಾಲ್ಕು ಬೇಸಿಗೆ ಕಡಿದ್ರಂತೆ." ಆಪಾ ದನಿ ತಗ್ಗಿಸಿದರು. "ಕುದುರೆ ಲಾಳ ಯಾವುದರಲ್ಲಿ ಮಾಡ್ತಾರೆ, ಹೇಳು ನೋಡೋಣ."

"ಕಬ್ಬಿಣ. ನಮ್ಮ ಮಾತಲ್ಲಿ ತೆಮಿರ್." ಹೇಳಿದ ಮೇಲೆ ಅವನಿಗೆ ಹೊಳೆಯಿತು. ನಗು ತಡೆಯಲಾಗಲಿಲ್ಲ. "ಕಬ್ಬಿಣ ಗಡುಸು, ಅದೇನೋ ಸರಿ. ಪಿಂಚಣಿ ಕಚೇರೀಲಿ ಏನ್ಮಾಡ್ತೀರಿ? ಯಜಮಾನರ ಪೂರ್ತಿ ಹೆಸರಲ್ಲಿ ಅವರಪ್ಪನ ಹೆಸರೂ ಬರುತ್ತಲ್ಲ."

"ಕಾರ್ಡು ಮುಂದಿಡ್ತೀನಿ. ಓದೋಕೆ ಬರಲ್ವಾ ಅಜ್ಜಿ ಅಂತಾರೆ. ಬರಲ್ಲ ಅಂತೀನಿ. ಎಂಟನೇ ಕ್ಲಾಸು ಪಾಸು ನಾನು."

ಕುಬಾತ್ ಪೆನ್ಸಿಲ್ ತೆಗೆದ. "ಸಾಕು ಬಿಡಿ, ನೀವು ಬಾಯಿ ಬಿಡೋದೇ ಬೇಡ. ಹೊಸ ನಕ್ಷೆ ಇನ್ನೂ ಅಚ್ಚಿಗೆ ಹೋಗಿಲ್ಲ, ನಾನೇ ತಿದ್ದಿ ಕಳಿಸ್ತೀನಿ."

ಆಪಾ ನಕ್ಷೆಯನ್ನೇ ನೋಡುತ್ತಿದ್ದರು. "ಜೂನಲ್ಲಿ ಅಕ್-ತಾಶ್‌ನಲ್ಲಿ ಬಿದ್ದು ಸತ್ರಲ್ಲ, ಆ ಮೇಷ್ಟ್ರು. ಅವರ ಹತ್ರಾನೂ ಇದೇ ಕಾಗದ ಇತ್ತಾ?"

"ಇತ್ತು, ಆಪಾ."

ಆಪಾ ಮೊಣಕಾಲಿಗೆ ಕೈಯೂರಿ ಎದ್ದರು. ಬಾಗಿಲ ಕಂಬಳಿ ಸರಿಸಿ ಹೊರಗೆ ನಡೆದರು. ಕುಬಾತ್ ನಕ್ಷೆ ಹಿಡಿದು ಹಿಂದೆಯೇ ಬಂದ. "ಆಪಾ, ಬೇಡ ಅಂದ್ನಲ್ಲ. ನನಗೆ ಗೊತ್ತಾಯ್ತಲ್ಲ."

"ನಿನಗೆ ಗೊತ್ತಾಗಿದ್ದು ನಿನ್ನ ಜಾಣತನ. ತಪ್ಪು ಹೇಳಿದ ಬಾಯಿ ಇದು, ಇದೇ ಸರಿ ಹೇಳ್ಬೇಕು. ಬರ್ಕೋ."

ಎದುರಿನ ಇಳಿಜಾರಿನಲ್ಲಿ ಕುರಿಗಳು ಸಾಲಾಗಿ ಇಳಿಯುತ್ತಿದ್ದವು. ಆಪಾ ಅತ್ತ ಮುಖ ಮಾಡಿ, ಮಗುವಿಗೆ ಪಾಠ ಹೇಳಿಕೊಡುವಂತೆ ಬಿಡಿಬಿಡಿಯಾಗಿ ಹೇಳಿದರು: "ತೆಮಿರ್. ತೆಮಿರ್ ಘಾಟಿ."

ಮದುವೆಯಾಗಿ ನಲವತ್ತೆಂಟು ವರ್ಷಗಳಲ್ಲಿ ಅದೇ ಮೊದಲು. ಕುಬಾತ್ ಬರೆದುಕೊಂಡು ತಲೆಯೆತ್ತಿದಾಗ, ಆಪಾ ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡಲಾಗಿಟ್ಟು, ಹೊಸ ಸೊಸೆ ಮಾವನೆದುರು ಬಾಗುವಂತೆ, ಘಾಟಿಯ ಕಡೆಗೆ ಸೊಂಟ ಬಾಗಿಸಿ ನಿಂತಿದ್ದರು. ಹಾಗೆ ಬಾಗಿದವಳನ್ನು ಹಿರಿಯರು ಹರಸಬೇಕು. ಹರಸಿದ ಮೇಲೇ ಅವಳು ನೆಟ್ಟಗಾಗಬೇಕು. ಕುಬಾತ್ ಕಾದ. ಆ ಕಣಿವೆಯಲ್ಲಿ ಬುರುಲ್ ಆಪಾಗಿಂತ ಹಿರಿಯರು ಯಾರೂ ಉಳಿದಿರಲಿಲ್ಲ.